ಇಷ್ಟವಾದರೆ ಇನ್ನೊಬ್ಬರಿಗೆ ಹೇಳಿ

"ಬಣ್ಣ ಹಿಡಿಯೋ ತನಕ ಸುಮ್ನೆ ಕೂತು ಏನ್ಮಾಡ್ತೀರಿ ಆಂಟಿ? ನನ್ನ ತಂಗಿ ಬರೆದಿರೋ 'ಬೆಂಚು' ಓದಿ," ಎಂದಳು ಅಕ್ಕ.

ಮೂಲೆಯ ಬೇಸಿನ್ನಿನಲ್ಲಿ ಬಾಚಣಿಗೆ ತೊಳೆಯುತ್ತಿದ್ದ ತಂಗಿಯ ಕೈ ನಿಂತುಹೋಯಿತು. ಅಕ್ಕನ ಪಾರ್ಲರಿನಲ್ಲಿ ಅವಳ ಬ್ಲಾಗಿನ ಪ್ರಚಾರ ನಡೆಯುತ್ತಿದ್ದುದೇ ಹೀಗೆ. ತಲೆಗೆ ಬಣ್ಣ ಮೆತ್ತಿಸಿಕೊಂಡವರು ಎದ್ದು ಓಡುವ ಹಾಗಿಲ್ಲ. ಅವರದೇ ಫೋನಿನಲ್ಲಿ ಬ್ಲಾಗು ತೆರೆದು ಕೈಗಿಡುವುದು, ಓದಿ ಮುಗಿಸಿದ ಮೇಲೆ 'ಇಷ್ಟ ಆದ್ರೆ ಇನ್ನೊಬ್ಬರಿಗೆ ಹೇಳಿ' ಎನ್ನುವುದು. ಮೊದಲೆಲ್ಲ ಅಕ್ಕ, ಅಕ್ಕನ ಗೆಳತಿ, ಬಿಟ್ಟರೆ ಬರೆದವಳು ಮಾತ್ರ ಓದುತ್ತಿದ್ದ ಬ್ಲಾಗಿಗೆ ಈಗ ಮುಖ ಪರಿಚಯವಿಲ್ಲದವರೂ ಬಂದು ನಾಲ್ಕು ಮಾತು ಬರೆದು ಹೋಗುತ್ತಿದ್ದರು. 'ಬೆಂಚು' ಅಂತೂ ಬಾಯಿಂದ ಬಾಯಿಗೆ ಹರಡಿತ್ತು. ಅಕ್ಕ ಮಾತ್ರ ಕೆಲಸದ ಗಡಿಬಿಡಿಯಲ್ಲಿ ಅದನ್ನಿನ್ನೂ ಓದಿರಲಿಲ್ಲ. ಓದಿದ್ದರೆ ಈ ಆಂಟಿಯ ಮುಂದೆ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಅದು ಆಂಟಿಯ ಸೊಸೆಯ ಕಥೆ. ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂತು, ತಂಗಿ ಕೂದಲ ತುದಿ ಕತ್ತರಿಸುತ್ತಿದ್ದಾಗ ಸೊಸೆ ಪಿಸುಗುಟ್ಟಿದ್ದಳು: "ನಮ್ಮಾಫೀಸು ಒಂಬತ್ತೂವರೆಗೆ. ಮನೇಲಿ ಒಂಬತ್ತಕ್ಕೆ ಅಂತ ಸುಳ್ಳು ಹೇಳಿದೀನಿ. ಬಸ್ ನಿಲ್ದಾಣದ ಹಿಂದೆ ಒಂದು ಬೆಂಚಿದೆ, ಅಲ್ಲಿ ಅರ್ಧ ಗಂಟೆ ಸುಮ್ನೆ ಕೂತಿರ್ತೀನಿ. ದಿನಕ್ಕೆ ನಂದು ಅಂತ ಇರೋದು ಅಷ್ಟೇ. ಯಾರಿಗೂ ಹೇಳ್ಬೇಡ ಕಣೆ." ತಂಗಿ ತಲೆಯಾಡಿಸಿದ್ದಳು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಬರೆದಳು. ಸೊಸೆಯ ಕೆಲಸ ಬದಲಿಸಿದಳು, ಬೆಂಚನ್ನು ಪಾರ್ಕಿಗೆ ಸಾಗಿಸಿದಳು. ಅತ್ತೆಯ ಮಾತನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಳು. ಅಷ್ಟು ಜೀವವಿದ್ದ ಮಾತನ್ನು ಬಿಡಲು ಮನಸ್ಸು ಬರಲಿಲ್ಲ.

"ಕನ್ನಡಕ ಹಾಕ್ಕೊಂಡ್ರೆ ಬಣ್ಣ ಮೆತ್ಕೊಳುತ್ತೆ. ಬರೆದವಳೇ ಓದಲಿ ಬಿಡು," ಎಂದರು ಆಂಟಿ. "ಅಲ್ಲಾ, ನಿನ್ನ ತಂಗಿಗೆ ಬಾಯಿ ಇದೆಯೋ ಇಲ್ವೋ? ಸುಮ್ನೆ ಕೇಳ್ದೆ."

ಅದೇ ಮಾತು. ಕಥೆಯ ಅತ್ತೆ ಮನೆಯ ಎಲ್ಲ ಕೋಣೆಗಳಿಂದಲೂ ಕೂಗುವ ಮಾತು. ಎಲ್ಲಿದೀಯಾ, ಸುಮ್ನೆ ಕೇಳ್ದೆ. ಯಾರದು ಫೋನು, ಸುಮ್ನೆ ಕೇಳ್ದೆ.

"ಬೇರೆ ಯಾವುದಾದ್ರೂ ಓದ್ತೀನಿ," ಎಂದಳು ತಂಗಿ.

"ಎಲ್ರೂ ಹೊಗಳ್ತಿರೋದು ಅದನ್ನೇ ಕಣೆ. ಓದು, ಆಂಟಿಯೇನು ನಿನ್ನ ತಿಂದ್ಹಾಕಲ್ಲ." ಅಕ್ಕ ಆಂಟಿಯ ಫೋನನ್ನು ಅವಳ ಒದ್ದೆ ಕೈಗೆ ತುರುಕಿದಳು.

ತಂಗಿ ಓದಿದಳು. ಬರೆದದ್ದನ್ನಲ್ಲ. ಅತ್ತೆ ಬಂದಲ್ಲೆಲ್ಲ ಅಣ್ಣನನ್ನು ತಂದಳು, ಸೊಸೆಯನ್ನು ಅವನ ತಂಗಿ ಮಾಡಿದಳು. ಕೂಗುವ ಮಾತು ಬಂದಾಗಲೆಲ್ಲ ಸಾಲನ್ನೇ ಹಾರಿಸಿದಳು. ಆಂಟಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕನ್ನಡಿಯಲ್ಲಿ ಅವರ ಹುಬ್ಬು ಒಂದಿಷ್ಟು ಅಲುಗಿದರೂ ಇವಳು ಮುಂದಿನ ಸಾಲಿಗೆ ಜಿಗಿಯುತ್ತಿದ್ದಳು. ಒಂದು ಕಡೆ "ಅತ್ತೆ" ಎಂದು ಅರ್ಧ ಬಾಯಿ ಜಾರಿ, ಕೆಮ್ಮಿ, "ಅತ್ತಿತ್ತ ನೋಡಿ" ಎಂದು ಹೇಗೋ ದಡ ಸೇರಿದಳು.

"ತಾನೇ ಬರೆದದ್ದು ಓದೋಕೆ ಇಷ್ಟು ಎಡವ್ತಾಳೆ ನೋಡಿ!" ಅಕ್ಕ ನಕ್ಕಳು.

ಓದಿ ಮುಗಿದಾಗ ಆಂಟಿ ನಿಟ್ಟುಸಿರುಬಿಟ್ಟರು. "ಪಾಪದ್ದು. ಎಂಥಾ ಅಣ್ಣನಪ್ಪಾ ಅವನು! ಉಸಿರಾಡೋಕೂ ಬಿಡ್ಬಾರ್ದಾ ಆ ಹುಡುಗೀನ?"

ತಂಗಿಯ ಎದೆ ಹಗುರಾಯಿತು. ಅಕ್ಕ ಫೋನು ಇಸಿದುಕೊಂಡು ಎಂದಿನ ಪಾಠ ಒಪ್ಪಿಸಿದಳು: "ಇಷ್ಟ ಆದ್ರೆ ಇನ್ನೊಬ್ಬರಿಗೆ ಹೇಳಿ ಆಂಟಿ."

"ಹೇಳೋದೇನು, ಈಗ್ಲೇ ಕಳಿಸು ನಮ್ಮ ಸೊಸೆಗೆ. ಅವಳಿಗೆ ಓದೋ ಹುಚ್ಚು. 'ನಾನು ಪೂರ್ತಿ ಓದಿಸಿ ಕೇಳಿದೆ, ನೀನೂ ಓದು' ಅಂತ ಕೆಳಗೆ ಹಾಕು."

"ಅಕ್ಕಾ, ಬೇಡ!"

ಆ ದನಿ ಅಷ್ಟು ಎತ್ತರಕ್ಕೆ ಏರಬಲ್ಲದೆಂದು ಅಕ್ಕನಿಗೇ ಗೊತ್ತಿರಲಿಲ್ಲ. ಬೆಚ್ಚಿ ತಿರುಗಿದಳು. ಆದರೆ ಅಷ್ಟರಲ್ಲಿ ಅವಳ ಹೆಬ್ಬೆರಳು ಕೆಲಸ ಮುಗಿಸಿಯಾಗಿತ್ತು.

"ಕಳಿಸಿ ಆಯ್ತಲ್ಲೇ. ಏನೀಗ?"

ತಂಗಿ ಒಳಕೋಣೆಗೆ ಓಡಿದಳು. ಒಗೆಯದ ಟವೆಲ್ಲುಗಳ ರಾಶಿಯ ಪಕ್ಕ ನಿಂತು ತನ್ನ ಫೋನಿನಲ್ಲಿ ಬ್ಲಾಗು ತೆರೆದಳು. 'ಬೆಂಚಿ'ನ ಕೆಳಗೆ ಹೊಸ ಮಾತುಗಳು ಸಾಲುಗಟ್ಟಿದ್ದವು. 'ನನ್ನ ಮನೆಗೆ ಬಂದು ಬರೆದ ಹಾಗಿದೆ' ಎಂದಿದ್ದರು ಯಾರೋ. ಅದನ್ನೊಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಕಥೆಯನ್ನು ಅಳಿಸಿದಳು. ಅದರ ಜತೆಗೆ ಅಷ್ಟೂ ಜನರ ಮಾತು ಹೋಯಿತು.

ಹೊರಗೆ ಬಂದು, ಆಂಟಿಯ ತಲೆಯನ್ನು ಬೇಸಿನ್ನಿಗೆ ಒರಗಿಸಿ ಬಣ್ಣ ತೊಳೆಯತೊಡಗಿದಳು. ಕಪ್ಪು ನೀರು ಇನ್ನೇನು ತಿಳಿಯಾಗಬೇಕು, ಪಕ್ಕದಲ್ಲಿದ್ದ ಅವರ ಫೋನು ಟಿಣ್ ಎಂದಿತು.

"ಸೊಸೆಯದೇ ಇರ್ಬೇಕು. ಕೈ ಒರೆಸ್ಕೊಂಡು ಓದಮ್ಮ."

ಈ ಸಲ ಒಂದಕ್ಷರವನ್ನೂ ಬದಲಿಸಲು ಅವಳಿಗೆ ತೋಚಲಿಲ್ಲ. ಇದ್ದಂತೆಯೇ ಓದಿದಳು:

"ಓದಿದೆ ಅತ್ತೆ. ನಾಳೆಯಿಂದ ನಮ್ಮಾಫೀಸು ಒಂಬತ್ತೂವರೆಗೆ."

"ಹೌದಾ! ಹಾಗಾದ್ರೆ ಬೆಳಿಗ್ಗೆ ಇನ್ನೊಂದು ಸ್ವಲ್ಪ ಹೊತ್ತು ನನ್ನ ಕಣ್ಮುಂದೇನೇ ಇರ್ತಾಳೆ!" ಆಂಟಿಯ ಮುಖ ಅರಳಿತು. "ತುಂಬಾ ಸಂತೋಷ ಅಂತ ಉತ್ತರ ಬರಿಯಮ್ಮ. ನೀನು ಚೆನ್ನಾಗಿ ಬರೀತೀಯಲ್ಲ."