ಕಾವಲಿ ಪಳಗುವ ತನಕ

ಮೊದಲ ಮೊಟ್ಟೆ ಕಾವಲಿಗೆ ಕಚ್ಚಿಕೊಂಡು ಕೂತುಬಿಟ್ಟಿತು. ಪೇಂಟರ್ ಸಟ್ಟುಗದಿಂದ ಒಂದು ಕಡೆ ಎಬ್ಬಿಸಿದರೆ ಇನ್ನೊಂದು ಕಡೆ ಹರಿಯಿತು, ಆ ಕಡೆಯಿಂದ ಎಬ್ಬಿಸಹೋದರೆ ಹಳದಿ ಒಡೆದು ಸೀದುಹೋಯಿತು. ಅಂಗಳದ ಬೆಂಚಿನ ಮೇಲೆ ತಟ್ಟೆ ಹಿಡಿದು ಕೂತಿದ್ದ ಹೆಂಡತಿಯ ಅಣ್ಣ ಕತ್ತು ಚಾಚಿ ನೋಡಿದ.

"ಇದನ್ನ ತಿನ್ನೋದಾ, ಕೆರೆಯೋದಾ, ಆರಂಭಶೂರ?"

ಆ ಬಿರುದು ಕೊಟ್ಟವನೂ ಅವನೇ, ಸುಮ್ಮನೆ ಕೊಟ್ಟದ್ದೂ ಅಲ್ಲ. ಮೀನಿನ ತೊಟ್ಟಿ, ಜೇನುಪೆಟ್ಟಿಗೆ, ಫೋಟೋಗೆ ಕಟ್ಟು ಹಾಕುವ ಕೆಲಸ, ಪೇಂಟರ್ ಕೈ ಹಾಕದ್ದಿಲ್ಲ, ಮುಗಿಸಿದ್ದೂ ಇಲ್ಲ. ಊರವರ ಮನೆಗೆಲ್ಲ ಬಣ್ಣ ಬಳಿಯುವ ಈ ಮಹಾಶಯನ ಸ್ವಂತ ನಡುಮನೆಯಲ್ಲಿ ಮೂರು ಗೋಡೆ ಹಸಿರು, ನಾಲ್ಕನೆಯದು ಸೊಂಟದವರೆಗೆ ಮಾತ್ರ. ಆದರೆ ಈ ಸಲದ ಮಾತೇ ಬೇರೆಯಾಗಿತ್ತು. ಊಟದ ಮೇಜಿನಷ್ಟು ಅಗಲದ, ಕೆಳಗೆ ಗ್ಯಾಸಿನ ಒಲೆ ಕೂಡಿಸಿದ ಈ ಕಬ್ಬಿಣದ ಕಾವಲಿಯನ್ನು ಸಂಜೆ ಗೇಟಿನ ಹೊರಗಿಟ್ಟು, ಗಂಡ ಹೆಂಡತಿ ಇಬ್ಬರೂ ನಿಂತು ಬಿಸಿಬಿಸಿ ತಿಂಡಿ ಮಾಡಿ ಮಾರುವುದೆಂದು ಅವನ ಲೆಕ್ಕಾಚಾರ. ಹೆಂಡತಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು, ಮ್ಯಾನೇಜರನ ಬೈಗುಳ ಕೇಳಿ ಕೇಳಿ ರೋಸಿಹೋಗಿದ್ದವಳು. "ಭಾನುವಾರ ನಮ್ಮಣ್ಣನಿಗೆ ಇದರ ಮೇಲೆ ಮಾಡಿ ಬಡಿಸು. ಸರಿಬಂತು ಅಂದ್ರೆ ಕೆಲಸ ಬಿಟ್ಟು ನಿನ್ನ ಜೊತೆ ನಿಲ್ತೀನಿ. ಇಲ್ಲಾಂದ್ರೆ ಇನ್ನು ಈ ಮಾತು ಎತ್ಲೇಬೇಡ" ಎಂದಿದ್ದಳು. ಇವತ್ತು ಆ ಭಾನುವಾರ.

ಅವಳು ಹತ್ತಿರ ಬಂದು ಸಟ್ಟುಗದ ತುದಿಯಿಂದ ಕಾವಲಿಯ ಮೂಲೆ ಕೆದಕಿದಳು. ಕಂದು ಅಂಟು ಎಳೆ ಎಳೆಯಾಗಿ ಎದ್ದು ಬಂತು.

"ಪಳಗಿಸುವಾಗ ಎಣ್ಣೆ ಎಷ್ಟು ಹಾಕಿದೆ?"

"ಧಾರಾಳವಾಗಿ ಹಾಕಿದೀನಿ. ಒಂದೇ ಸಲಕ್ಕೆ ಮುಗೀಲಿ ಅಂತ ದಪ್ಪಗೆ ಬಳಿದೆ."

"ಗೋಡೆಗೆ ಬಳೀತೀಯಲ್ಲ, ಹಾಗೆ."

ಹಾಗೇ ಬಳಿದಿದ್ದ. ಒಂದೇ ಕೋಟು, ಅದೂ ದಪ್ಪಗೆ, ಸಂಜೆಯೊಳಗೆ ಮನೆಗೆ ಅನ್ನುವುದೇ ಅವನ ಕಸುಬಿನ ಗುಟ್ಟು. ಹೊಸ ಕಬ್ಬಿಣಕ್ಕೆ ಎಣ್ಣೆ ತೆಳ್ಳಗೆ ಸವರಿ, ಒರೆಸಿ, ಹೊಗೆಯಾಡಿ ನಿಲ್ಲುವ ತನಕ ಕಾಯಿಸಿ, ಆರಿದ ಮೇಲೆ ಮತ್ತೆ ಸವರಬೇಕು, ಕಪ್ಪಾಗುವ ತನಕ ಹೀಗೇ ಮಾಡಬೇಕು, ದಪ್ಪಗೆ ಬಳಿದರೆ ಅಂಟಾಗುತ್ತದೆ ಎಂದು ಕಾವಲಿ ಮಾರಿದವನು ಬಿಡಿಸಿ ಹೇಳಿದ್ದ. ಪೇಂಟರ್ ಹೂಂ ಹೂಂ ಅಂದು ತಲೆಯಾಡಿಸಿದ್ದ.

"ಹೋಗ್ಲಿ ಬಿಡು, ಒಳಗೆ ಮಾಡಿಬಿಡ್ತೀನಿ. ಅಣ್ಣ ಹಸಿದಿದಾನೆ," ಎಂದು ಅವಳು ಮೊಟ್ಟೆಯ ಬುಟ್ಟಿ ಎತ್ತಿಕೊಂಡಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಅವನು ಹಲ್ಲುಕಿರಿದು ಸುಮ್ಮನಾಗುತ್ತಿದ್ದನೇನೋ. ಬೈಯುವಷ್ಟು ಆಸೆಯೂ ಅವಳಲ್ಲಿ ಉಳಿದಿಲ್ಲವೆಂದು ತಿಳಿದಾಗ ಅವನು ಬುಟ್ಟಿಗೆ ಅಡ್ಡ ಕೈ ಹಾಕಿದ.

"ಬುಟ್ಟಿ ಅಲ್ಲೇ ಇಡು. ಕೆರೆದು ಮತ್ತೆ ಶುರು ಮಾಡ್ತೀನಿ."

"ಮತ್ತೆ ಶುರುನಾ? ನೀನಾ?" ಅಂದ ಅಣ್ಣ.

ಪೇಂಟರ್ ಆಗಲೇ ಹಳೇ ಬಣ್ಣ ಕೆರೆಯುವ ತಗಡು ತರಲು ಓಡಿದ್ದ. ಮೈಯೆಲ್ಲ ಬೆವರಾಗಿ ಕೆರೆದ, ಉಜ್ಜಿದ, ತೊಳೆದ, ಉರಿ ಹಚ್ಚಿ ನೀರಿನ ಪಸೆ ಆರಿಸಿದ. ಆಮೇಲೆ ಬಟ್ಟೆಗೆ ಎಣ್ಣೆ ಅದ್ದಿ ಸವರಿದ.

"ಒರೆಸು," ಅಂದಳು ಹೆಂಡತಿ.

"ಒರೆಸಿದ್ರೆ ಹೋಗೇಬಿಡುತ್ತಲ್ಲೇ."

"ಹೋಯ್ತು ಅನ್ನೋ ಹಾಗೇ ಕಾಣ್ಬೇಕು. ಒರೆಸು."

ಹೊಗೆ ಎದ್ದಿತು. ಪಕ್ಕದ ಮನೆಯವರು ಕೆಮ್ಮುತ್ತ ಕಿಟಕಿ ಮುಚ್ಚಿದರು. ಅಣ್ಣ ಒಣ ಬ್ರೆಡ್ಡು ಕಡಿಯುತ್ತ ಗೊಣಗಿದ, ಗೊಣಗುತ್ತಲೇ ಬೆಂಚು ಹತ್ತಿರಕ್ಕೆ ಎಳೆದುಕೊಂಡ. ಬೂದು ಬಣ್ಣದ ಕಬ್ಬಿಣ ಮೊದಲು ಜೇನಿನ ಬಣ್ಣಕ್ಕೆ ತಿರುಗಿತು. ಮತ್ತೆ ಸವರಿ ಕಾಯಿಸಿದಾಗ ಕಂದಾಯಿತು, ಅದರ ಮೇಲೆ ಇನ್ನೊಂದು ಕೈ, ಮತ್ತೊಂದು ಕೈ. ಪೇಂಟರ್ ಕಾವಲಿಯ ಮೇಲೆ ಬಗ್ಗಿದ. ಇಷ್ಟು ವರ್ಷ ಬಣ್ಣ ಬಳಿದರೂ, ತಾನು ಬಳಿದದ್ದು ತನ್ನ ಕಣ್ಣೆದುರೇ ಹೀಗೆ ಬದಲಾಗುವುದನ್ನು ಅವನು ನಿಂತು ನೋಡಿದ್ದೇ ಇಲ್ಲ. ಕೊನೆಗೆ ಕಾವಲಿ ಅಂಚಿನಿಂದ ಅಂಚಿಗೆ ಕಪ್ಪಗೆ ಮಿರಮಿರ ಮಿಂಚಿತು.

"ನೋಡ್ತಾ ನಿಂತ್ಕೊಂಡ್ರೆ ಹೊಟ್ಟೆ ತುಂಬುತ್ತಾ? ಒಡಿ ಮೊಟ್ಟೆ," ಎಂದ ಅಣ್ಣ. ಅವನೂ ಎದ್ದು ನಿಂತಿದ್ದ.

ಚೂರು ಎಣ್ಣೆ ಬಿತ್ತು, ಮೇಲೆ ಮೊಟ್ಟೆ ಬಿತ್ತು. ಚುಂಯ್ ಎಂದು ಬಿಳಿಯ ಅಂಚೆಲ್ಲ ಜಾಲರಿಯಾಗಿ ಎದ್ದಿತು. ಮೊದಲಿನ ಮೊಟ್ಟೆ ನೆನಪಾಗಿ ಪೇಂಟರ್ ಸಟ್ಟುಗವನ್ನು ಒತ್ತಿ, ಹಲ್ಲು ಕಚ್ಚಿ ತಳ್ಳಿದ. ಮೊಟ್ಟೆ ಕಾವಲಿಯ ಉದ್ದಕ್ಕೂ ಸರ್ರನೆ ಜಾರಿ, ಅಂಚು ದಾಟಿ, ಅಂಗಳದ ಮಣ್ಣಿನಲ್ಲಿ ಹೋಗಿ ಬಿತ್ತು.

ಹೆಂಡತಿ ಖಾಲಿ ಕಾವಲಿಯನ್ನು ನೋಡಿದಳು.

"ಅಂಟ್ಲೇ ಇಲ್ಲ," ಅಂದಳು ಹೆಂಡತಿ ಮೆಲ್ಲಗೆ. ಆಮೇಲೆ, ಕ್ಯಾಂಟೀನಿಗೆ ಸೇರಿದಾಗಿನಿಂದ ಎಂದೂ ನಗದ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣನೂ ನಕ್ಕ, ಪೇಂಟರನಿಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು.

ಮುಂದಿನದು ಸಂಭ್ರಮವೋ ಸಂಭ್ರಮ. ಒಂದು ಮೂಲೆಯಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಆಲೂಗಡ್ಡೆ, ನಡುವೆ ಸಾಲು ಸಾಲು ಮೊಟ್ಟೆ. ಕಿಟಕಿ ಮುಚ್ಚಿದ್ದ ಪಕ್ಕದ ಮನೆಯವರು ವಾಸನೆಗೆ ಕಿಟಕಿ ತೆರೆದರು, ಆಮೇಲೆ ತಟ್ಟೆ ಹಿಡಿದು ಗೇಟನ್ನೂ ತೆರೆದುಕೊಂಡು ಬಂದರು. ಎಲ್ಲರ ಊಟ ಮುಗಿದ ಮೇಲೆ ಪೇಂಟರ್ ಕಾವಲಿ ಕೆರೆದು ಒರೆಸಿ, ಮತ್ತೆ ಎಣ್ಣೆ ಬಟ್ಟೆ ಕೈಗೆತ್ತಿಕೊಂಡ.

"ಇನ್ನೂ ಮುಗೀಲಿಲ್ವಾ?" ಎಂದ ಅಣ್ಣ.

"ಇದು ಮುಗಿಯೋದಲ್ಲ ಭಾವ. ಪ್ರತಿ ಸಲ ಅಡುಗೆ ಆದ ಮೇಲೂ ಒಂದು ಕೈ ಸವರಬೇಕು, ಇರೋ ತನಕ."

"ಅಂತೂ ಇವನಿಗೆ ತಕ್ಕ ಕೆಲಸ ಸಿಕ್ತು ಅಣ್ಣ," ಅಂದಳು ಹೆಂಡತಿ. "ಮುಗಿಸೋ ಹಾಗೇ ಇಲ್ಲ." ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಮ್ಯಾನೇಜರನಿಗೆ ಫೋನ್ ಮಾಡಲು ಒಳಗೆ ಹೋದಳು.