ಕೈನಡುಕ

ಮೊಳದುದ್ದದ ಲೆನ್ಸನ್ನು ಅಣ್ಣನ ಕೈಗೆ ಕೊಡುವ ಮುಂಚೆ ತಮ್ಮ ಅದರ ಪಕ್ಕದ ಪುಟ್ಟ ಸ್ವಿಚ್ಚನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿದ. ಕೈ ಕೊಂಚ ಅಲುಗಿದರೂ ಚಿತ್ರ ಅಲುಗದಂತೆ ಕಾಯುವ ಸ್ವಿಚ್ಚು ಅದು. "ಇವನು ನಮ್ಮ ಕ್ಯಾಮೆರಾ ಸ್ಟ್ಯಾಂಡು, ಊಟಾನೂ ಮಾಡ್ತಾನೆ" ಎಂದು ಎಲ್ಲರೆದುರು ನಗುವ ಅಣ್ಣನಿಗೆ ಒಂದು ದಿನವಾದರೂ ಮುಖಭಂಗವಾಗಲಿ, ಅಷ್ಟೇ ಅವನ ಆಸೆ.

ಕೆರೆಯಾಚೆ ಚಿರತೆ ನೀರಿಗೆ ಬಾಗಿತ್ತು. ಮಬ್ಬು ಬೆಳಕು. ಜೀಪಿನಲ್ಲಿ ಕೂತ ಅಣ್ಣ ಉಸಿರು ಬಿಗಿಹಿಡಿದು ಸ್ಟ್ಯಾಂಡಿಲ್ಲದೆ ಕೈಯಲ್ಲೇ ಹಿಡಿದು ಪಟಪಟನೆ ಫೋಟೊ ಹೊಡೆದು ಸ್ಕ್ರೀನ್ ನೋಡಿದ. ಚುಕ್ಕೆಗಳೆಲ್ಲ ಕಲಸಿಹೋಗಿದ್ದವು. ಮತ್ತೆ ಹೊಡೆದ, ಮತ್ತೆ ಹಾಗೇ. ಚಿರತೆ ಎದ್ದು ಹೋಯಿತು.

"ಏನಣ್ಣಾ, ಕೈ ನಡುಗ್ತಾ ಇದ್ಯಾ?" ಎಂದು ಕೇಳಿ ತಮ್ಮ ಬೈಗುಳಕ್ಕೆ ಕಾದ. ಅಣ್ಣ ಬಯ್ಯಲಿಲ್ಲ. ಬಲಗೈ ಚಾಚಿ, ಬೆರಳು ಬಿಡಿಸಿ ನೋಡಿಕೊಂಡ. ಒಂದು ಬೆರಳೂ ಅಲುಗುತ್ತಿರಲಿಲ್ಲ. ಆದರೆ ಅವನು ನಂಬಿದ್ದು ಫೋಟೊವನ್ನು, ಕೈಯನ್ನಲ್ಲ.

"ಅಪ್ಪಂಗೂ ಹೀಗೇ ಅಲ್ವೇನೋ ಶುರುವಾಗಿದ್ದು?" ಎಂದ. ಕೊನೆಕೊನೆಗೆ ನೀರಿನ ಲೋಟವನ್ನೂ ಹಿಡಿಯಲಾಗದೆ ಹೋದ ಅಪ್ಪ. ಅಣ್ಣನ ದನಿ ಇಷ್ಟು ಸಣ್ಣದಾದದ್ದನ್ನು ತಮ್ಮ ಎಂದೂ ಕೇಳಿರಲಿಲ್ಲ. ತಮಾಷೆಗೆ ಮಾಡಿದೆ ಎನ್ನಲು ಬಾಯಿ ತೆರೆದ ಕೂಡ. ಅಷ್ಟರಲ್ಲಿ ಅಣ್ಣ ಕ್ಯಾಮೆರಾವನ್ನು ಅವನ ತೊಡೆಯ ಮೇಲಿಟ್ಟು, "ಇನ್ಮೇಲೆ ನೀನೇ ಹೊಡಿಯಪ್ಪ" ಎಂದ.

ತಮ್ಮ ಮೆಲ್ಲಗೆ ಸ್ವಿಚ್ಚನ್ನು ಮತ್ತೆ ಮುಂದಕ್ಕೆ ತಳ್ಳಿದ.

"ಹೌದಣ್ಣ," ಎಂದ. "ಅಪ್ಪಂಗೂ ಹೀಗೇ ಶುರುವಾಗಿದ್ದು."