ಅಜ್ಜಿಯ ಮಗ್ಗುಲಿನ ಜಾಗ

ನಮ್ಮೂರಿನ ರುದ್ರಭೂಮಿಯಲ್ಲಿ ಮಣ್ಣಾದವರು ಮಾತಾಡುತ್ತಾರೆ. ಅವರು ಒಪ್ಪದೆ ಪಕ್ಕದಲ್ಲಿ ಕುಣಿ ತೋಡುವಂತಿಲ್ಲ. ಸಾಲುಗಳ ನಡುವೆ ಖಾಲಿ ಬಿದ್ದಿರುವುದೆಲ್ಲ ಊರಿನ ಹಳೆಯ ಜಗಳಗಳೇ. ಇಂದು ತೀರಿಕೊಂಡ ನಮ್ಮ ಅವ್ವನಿಗೆ ಈಗ ಉಳಿದದ್ದು ಆಕೆಯ ಅತ್ತೆ ಬಾಳವ್ವಜ್ಜಿಯ ಮಗ್ಗುಲೊಂದೇ. ಹೊತ್ತು ಮುಳುಗಿದ ಮೇಲೆ ಇಲ್ಲಿ ಮಣ್ಣು ಮಾಡುವಂತಿಲ್ಲ; ಹೆಣವನ್ನು ಪರವೂರಿಗೆ ಒಯ್ಯಬೇಕು.

ಸರಿಯಾಗಿ ಬೇಡಿಕೊಳ್ಳುತ್ತೇನೋ ಇಲ್ಲವೋ ಎಂಬ ಅಳುಕಿನಲ್ಲೇ ಅಜ್ಜಿಯ ಗೋರಿಯತ್ತ ಬಾಗಿದೆ. "ಅಜ್ಜೀ, ಅವ್ವಗ ಜಾಗಾ ಕೊಡು."

"ಕೊನೀಗಾಲಕ್ಕ ನನಗ ನೀರು ಕೊಡದಾಕಿಗೆ?" ಎಂದಿತು ಮಣ್ಣು.

"ಡಾಕ್ಟರ್ ಬ್ಯಾಡಂದಿದ್ರು."

"ನೀ ಸುಮ್ನಿರು. ಆಕೀನ ಹೇಳ್ಲಿ."

"ಮಣ್ಣಾಗೂತನಕ ಆಕಿ ಹೆಂಗ ಮಾತಾಡ್ತಾಳ?"

ಸೂರ್ಯ ಗುಡ್ಡಕ್ಕೆ ತಾಗಿದ. ಕುಣಿ ತೋಡುವವರು ಹೊರಡಲು ಸಲಿಕೆ ಹೆಗಲಿಗೇರಿಸಿದರು.

"ಏ, ಎಲ್ಲಿ ಹೊಂಟ್ರಿ? ಲಗೂ ತೋಡ್ರಿ," ಎಂದಳು ಅಜ್ಜಿ. "ಬೈಯಾಕ ಯಾರೂ ಇಲ್ದ ನನಗೂ ಬ್ಯಾಸರಾಗೇತಿ."